ಎಡಗಾಲಿಗೆ ಕೆಲಸ ಇಲ್ಲದ ಲಾರಿ

2025ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಒಂದೂ ಮುಕ್ಕಾಲಿಗೆ ಫೋನ್ ಬಂತು. ಆ ಹೊತ್ತಿನಲ್ಲಿ ಲಾರಿಯಿಂದ ಫೋನ್ ಬಂದರೆ ಒಳ್ಳೆ ಸುದ್ದಿ ಇರುವುದಿಲ್ಲ. ಆ ಗಾಡಿ ಓಡಿಸುವ ನನ್ನ ಸೋದರಮಾವ ಎಡ ಮೊಣಕಾಲು ಊದಿಕೊಂಡು ಮನೆಯಲ್ಲಿ ಮಲಗಿದ್ದರು. ಅವರ ಬದಲಿಗೆ ಒಬ್ಬ ಹೊಸ ಹುಡುಗನನ್ನು ಗಾಡಿಗೆ ಹತ್ತಿಸಿದ್ದೆ. ಅವನು ಪಣಂಬೂರಿನಲ್ಲಿ ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದ. "ಅಣ್ಣಾ, ರೇಸ್ ಕೊಟ್ರೆ ಇಂಜಿನ್ ಕೂಗ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಿಲ್ಲ. ಏನೋ ಸುಟ್ಟ ವಾಸನೆ ಬೇರೆ" ಅಂದ. ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟು ಹೋಯಿತು ಅಂತ ನನಗೆ ಹಾಸಿಗೆಯಲ್ಲೇ ಗೊತ್ತಾಯಿತು.

ಚಕ್ರಕ್ಕೆ ಕಲ್ಲು ಕೊಡು, ಹಿಂದೆ ಮರದ ಸೊಪ್ಪು ಹಾಕು, ಗಾಡಿ ಬಿಟ್ಟು ಎಲ್ಲೂ ಹೋಗಬೇಡ ಅಂತ ಹೇಳಿ ನಾನು ಬೈಕ್ ತೆಗೆದೆ. ಕೆಂಪುಹೊಳೆ ಹತ್ತಿರ ರಸ್ತೆ ಬದಿಯಲ್ಲೇ ಗೇರ್‌ಬಾಕ್ಸ್ ಇಳಿಸಿ, ಪ್ಲೇಟು ಹಾಕಿ, ಮತ್ತೆ ಹತ್ತಿಸುವಷ್ಟರಲ್ಲಿ ಹದಿನಾರು ಗಂಟೆ ಆಗಿತ್ತು. ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು, ಕೂಲಿ ಎಲ್ಲ ಸೇರಿ ನಲವತ್ತು ಸಾವಿರ ದಾಟಿತು. ಹುಡುಗ ಮಾಡಿದ್ದು ಇಷ್ಟೇ. ಮುಂದೆ ಒಂದು ಟ್ಯಾಂಕರ್ ಆಮೆ ಥರ ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೋಗುತ್ತಿತ್ತು. ಇವನು ಅದರ ಹಿಂದೆ ಬ್ರೇಕಿನಲ್ಲಿ ನಿಲ್ಲಿಸದೆ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲ್ ಅರ್ಧ ತುಳಿದು ಪ್ಲೇಟು ಉಜ್ಜುತ್ತಿರುವಂತೆಯೇ, ಗಾಡಿಯನ್ನು ಹಿಡಿದುಕೊಂಡಿದ್ದ. ಹದಿನೆಂಟು ಟನ್ ಲೋಡು ಏರಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ನಿಂತರೆ ಪ್ಲೇಟು ಎಷ್ಟು ಹೊತ್ತು ತಡೆಯುತ್ತದೆ? ಬೈಯೋಣ ಅಂತಲೇ ಹೋಗಿದ್ದೆ. ಅವನ ಮುಖ ನೋಡಿ ಟೀ ಕುಡಿಸಿದೆ.

ನಮ್ಮದು ಹಾಸನ. ಎರಡೇ ಲಾರಿ, ಎರಡೂ ಹತ್ತು ಚಕ್ರದವು. ಮೆಕ್ಕೆಜೋಳ, ಶುಂಠಿ, ಕಾಫಿ, ಯಾವುದು ಸಿಕ್ಕರೆ ಅದು. ಮಂಗಳೂರಿಗೆ ಒಂದು ಲೋಡು, ಬರುತ್ತಾ ಗೊಬ್ಬರ, ಮಧ್ಯೆ ಬೆಂಗಳೂರು. ಒಂದನ್ನು ನಾನು ಓಡಿಸುತ್ತೇನೆ, ಇನ್ನೊಂದನ್ನು ನನ್ನ ಸೋದರಮಾವ. ಅವರಿಗೆ ಐವತ್ತನಾಲ್ಕು. ಮೂವತ್ತು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದಾರೆ. ಅವರು ಕಲಿತ ಲಾರಿಯಲ್ಲಿ ಡಬಲ್ ಕ್ಲಚ್ ಹೊಡೆಯದೆ, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್ ತುಳಿಯದೆ, ಡೌನ್ ಗೇರ್ ಬೀಳುತ್ತಲೇ ಇರಲಿಲ್ಲವಂತೆ. ಇಂಜಿನ್ ಸದ್ದು ಕೇಳಿ, ಈಗ ಹಾಕಿದರೆ ಗೇರ್ ತಾನಾಗೇ ಜಾರಿ ಬೀಳುತ್ತದೆ ಅನ್ನುವ ಕ್ಷಣ ಹಿಡಿಯುತ್ತಾರೆ. ನನಗೆ ಇಪ್ಪತ್ತು ವರ್ಷ ಆದರೂ ಅದು ಬಂದಿಲ್ಲ.

ಆದರೆ ಮೊಣಕಾಲು ಸದ್ದು ಕೇಳುವುದಿಲ್ಲವಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಸವೆತ ಅಂದರು, ಮೆಟ್ಟಿಲು ಜಾಸ್ತಿ ಹತ್ತಬೇಡಿ ಅಂದರು. ಮೆಟ್ಟಿಲು ಯಾರು ಹತ್ತುತ್ತಾರೆ! ನಾನು ಒಂದು ದಿನ ಸುಮ್ನೆ ಕುತೂಹಲಕ್ಕೆ ಮಾವನ ಪಕ್ಕ ಕೂತು ಎಣಿಸಿದೆ. ಆಗ ಪೀಣ್ಯ ಫ್ಲೈಓವರ್ ಮೇಲೆ ಭಾರಿ ಗಾಡಿಗಳನ್ನು ಬಿಡುತ್ತಿರಲಿಲ್ಲ. 2021ರ ಕೊನೆಯಲ್ಲಿ ಕೇಬಲ್ ತೊಂದರೆ ಕಂಡ ಮೇಲೆ ಎರಡು ವರ್ಷಕ್ಕೂ ಜಾಸ್ತಿ ನಾವೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಿದ್ದು. ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಮಾವ ಕ್ಲಚ್ ತುಳಿದಿದ್ದು 214 ಸಲ. ಕಾರಿನ ಕ್ಲಚ್ ಅಲ್ಲ ಇದು. ತುಳಿತ ಹಗುರ ಮಾಡುವ ಪವರ್ ಇದ್ದರೂ ಪ್ರತಿ ಸಲ ತೊಡೆಯಿಂದ ತುಳಿಯಬೇಕು.

ಆ ಏಪ್ರಿಲ್ ರಾತ್ರಿ ಆದ ಮೇಲೆ ಹಳೆಯ ಎರಡರಲ್ಲಿ ಒಂದನ್ನು ಕೊಟ್ಟು ಹೊಸದು ತೆಗೆಯುವ ಯೋಚನೆ ಗಟ್ಟಿಯಾಯಿತು. ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವೂ ಆಯಿತು. ಅಲ್ಲಿವರೆಗೆ ಕಾದಿದ್ದು ಒಳ್ಳೇದೇ ಆಯಿತು. ಷೋರೂಮಿಗೆ ಹೋದರೆ ಅದೇ ಇಂಜಿನ್, ಅದೇ ಹತ್ತು ಚಕ್ರ, ಲೋಡು ಸೇರಿ ಅದೇ 28 ಟನ್ನಿನ ಗಾಡಿಯಲ್ಲಿ ಎರಡು ಥರ: ಒಂದು ಮಾಮೂಲಿ ಗೇರ್ ರಾಡ್, ಇನ್ನೊಂದು ಎಎಂಟಿ, ಅಂದರೆ ಕ್ಲಚ್ ಪೆಡಲ್ಲೇ ಇಲ್ಲದ್ದು. ನಮಗೆ ಕೊಟ್ಟ ಕೊಟೇಶನ್ನಿನಲ್ಲಿ ಎರಡಕ್ಕೂ ವ್ಯತ್ಯಾಸ ಒಂದು ಲಕ್ಷ ಎಂಬತ್ತು ಸಾವಿರ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಜಿಎಸ್‌ಟಿ ಇಳಿದ ದುಡ್ಡಿನಲ್ಲೇ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ ಅಂತ. ಲೆಕ್ಕದ ಪುಸ್ತಕ ಅವಳ ಹತ್ತಿರವೇ ಇರುವುದು. "ಜಿಎಸ್‌ಟಿ ಗೇರ್ ರಾಡ್ ಇರೋ ಗಾಡಿಗೂ ಇಳಿದಿದೆ ಅಲ್ವೇನ್ರಿ?" ಅಂದಳು. ಸುಮ್ಮನಾದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನಾನೇ ಮೊದಲು ತಪ್ಪು ತಿಳಿದಿದ್ದೆ. ಕ್ಲಚ್ ಪೆಡಲ್ ಇಲ್ಲ ಅಂದರೆ ಕ್ಲಚ್ಚೇ ಇಲ್ಲ, ಪ್ಲೇಟು ಸುಡುವ ಕಥೆ ಮುಗಿಯಿತು ಅಂದುಕೊಂಡಿದ್ದೆ. ನಮ್ಮ ಗ್ಯಾರೇಜಿನ ಮೇಸ್ತ್ರಿ ನಕ್ಕರು. "ಅಣ್ಣ, ಒಳಗಡೆ ಎಲ್ಲಾ ಅದೇ ಸಾಮಾನು. ಅದೇ ಪ್ಲೇಟು, ಅದೇ ಪ್ರೆಷರ್ ಪ್ಲೇಟು, ಅದೇ ಹಲ್ಲು. ನಿಮ್ಮ ಕಾಲಿನ ಬದಲು ಒಂದು ಗಾಳಿ ಸಿಲಿಂಡ್ರು ತುಳೀತದೆ, ನಿಮ್ಮ ಕೈ ಬದಲು ಇನ್ನೊಂದು ಗೇರ್ ತಳ್ತದೆ, ಯಾವಾಗ ಅಂತ ಒಂದು ಡಬ್ಬಿ ಹೇಳ್ತದೆ" ಅಂದರು. ಷೋರೂಮಿನಲ್ಲಿ ಅರ್ಧ ಗಂಟೆ ಕೇಳಿದ್ದಕ್ಕಿಂತ ಈ ಮೂರು ಮಾತು ಚೆನ್ನಾಗಿ ತಲೆಗೆ ಹೋಯಿತು.

ನಿಜವಾದ ಆಟೋಮ್ಯಾಟಿಕ್ ಬೇರೆ ಇದೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಬಂದ ಕೆಂಪು ವೋಲ್ವೊ ಸಿಟಿ ಬಸ್ ಇದೆಯಲ್ಲ, ಅದರಲ್ಲಿರುವುದು ಟಾರ್ಕ್ ಕನ್ವರ್ಟರ್. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಪ್ಲೇಟಿನ ಬದಲು ಎಣ್ಣೆ. ಎಷ್ಟು ಸಲ ನಿಂತು ಹೊರಟರೂ ಸುಡುವ ಪ್ಲೇಟಿಲ್ಲ, ಅದಕ್ಕೇ ಸಿಟಿ ಬಸ್ಸಿಗೆ, ಗಣಿಯ ದೊಡ್ಡ ಡಂಪರ್‌ಗಳಿಗೆ ಅದನ್ನು ಹಾಕುತ್ತಾರೆ. ದುಬಾರಿ, ಎಣ್ಣೆಯಲ್ಲಿ ಶಕ್ತಿ ಒಂದಿಷ್ಟು ಸೋರಿಯೂ ಹೋಗುತ್ತದೆ. ದೂರ ಓಡುವ ಲಾರಿಗೆ ಯುರೋಪು, ಅಮೆರಿಕದಂಥ ಕಡೆ ಹೆಚ್ಚಿನವರು ಎಎಂಟಿಗೇ ಹೋಗಿರುವುದು. ವೋಲ್ವೊದವರು ಐ-ಶಿಫ್ಟ್ ಅನ್ನುವ ತಮ್ಮ ಎಎಂಟಿ ತಂದಿದ್ದು 2001ರಲ್ಲಿ. ಕೆಎಸ್‌ಆರ್‌ಟಿಸಿಯ ಹೊಸ ಐರಾವತ ಕ್ಲಬ್ ಕ್ಲಾಸ್ ಬಸ್ಸುಗಳಲ್ಲೂ ಅದೇ ಐ-ಶಿಫ್ಟ್, ಹನ್ನೆರಡು ಗೇರು. ಇದನ್ನು ಮಾವನಿಗೆ ಹೇಳಿದರೆ ಅವರದು ಒಂದೇ ಮಾತು: "ಬಸ್ಸಿಗೇನ್ಲಾ, ಮಲಗಿರೋ ಜನ ಹೊತ್ಕೊಂಡು ಹೋಗ್ತದೆ. ನಮ್ದು ಹಂಗಾ?"

ಮಾವ ಎಎಂಟಿಗೆ ವಿರುದ್ಧ ಇದ್ದರು. ಕಾಲು ನೋವು ಅವರದ್ದೇ, ವಿರೋಧವೂ ಅವರದ್ದೇ. "ಕ್ಲಚ್ಚೇ ನನ್ನ ಕಾಲಲ್ಲಿ ಇಲ್ಲ ಅಂದ್ರೆ ಏರಲ್ಲಿ ಗಾಡಿನ ಹಿಡಿಯೋದು ಯಾವ್ದ್ರಲ್ಲಿ?" ಅನ್ನುವುದು ಅವರ ಪ್ರಶ್ನೆ. ನನ್ನ ಭಯ ಬೇರೆ. ಘಾಟಿಯಲ್ಲಿ ರಾತ್ರಿ ಎರಡು ಗಂಟೆಗೆ ಆ ಡಬ್ಬಿ ಕೆಟ್ಟರೆ? ಮೇಸ್ತ್ರಿ ಸ್ಪ್ಯಾನರ್ ಹಿಡಿದು ಬಂದರೆ ಆಗುವುದಿಲ್ಲ, ಲ್ಯಾಪ್‌ಟಾಪ್ ಹಿಡಿದು ಬರಬೇಕು. ಗಾಳಿ ಟ್ಯಾಂಕ್ ಸೋರಿ ಪ್ರೆಷರ್ ಇಳಿದರೆ ನಾವು ನೋಡಿದ ಗಾಡಿಯಲ್ಲಿ ಗೇರೇ ಬೀಳುವುದಿಲ್ಲ. ಬ್ಯಾಟರಿ ಕೂತರೆ ತಳ್ಳಿ ಸ್ಟಾರ್ಟ್ ಮಾಡುವ ಮಾತೂ ಇಲ್ಲ. ಇದನ್ನೆಲ್ಲ ಯೋಚಿಸುತ್ತಾ ಹದಿನೈದು ದಿನ ನಿದ್ದೆ ಕೆಡಿಸಿಕೊಂಡೆ.

ಷೋರೂಮಿನವರು ಡೆಮೊ ಕೊಟ್ಟರು. ಖಾಲಿ ಗಾಡಿ, ಬೈಪಾಸ್ ರಸ್ತೆ, ಮಟ್ಟಸ ನೆಲ. ಖಾಲಿ ಗಾಡಿಯನ್ನು ಯಾರು ಬೇಕಾದರೂ ಚೆನ್ನಾಗಿ ಓಡಿಸುತ್ತಾರೆ, ಅದರಲ್ಲಿ ನೋಡುವುದೇನು? ಲೋಡ್ ಹಾಕಿ ಘಾಟಿಗೆ ಕೊಡಿ ಅಂದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ ಹುಡುಗ ಇವತ್ತಿಗೂ ಹೇಳಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಬೈಕಂಪಾಡಿಯ ಲೋಡಿಂಗ್ ಸಾಲಿನಲ್ಲಿ. ಅಲ್ಲಿ ಪರಿಚಯವಾಗಿದ್ದ ಒಬ್ಬರು ಒಂದೂವರೆ ವರ್ಷದಿಂದ ಎಎಂಟಿ ಇಟ್ಟಿದ್ದರು, ನಮ್ಮದೇ ತೂಕದ ಗಾಡಿ, ನಮ್ಮದೇ ರಸ್ತೆ. ಹಾಸನದಿಂದ ಮೆಕ್ಕೆಜೋಳ ಇಳಿಸಿ ಗೊಬ್ಬರ ಹತ್ತಿಸುವ ಟ್ರಿಪ್ಪಿಗೆ ನಾವೂ ಬರುತ್ತೇವೆ ಅಂದಾಗ ಖುಷಿಯಿಂದ ಒಪ್ಪಿದರು. ಅವರ ಡ್ರೈವರ್‌ಗೆ ಮೂವತ್ತೂ ಆಗಿರಲಿಲ್ಲ. ಮಾವ ಕ್ಯಾಬಿನ್ನಿಗೆ ಹತ್ತಿ ಕೂತವರೇ ಮೊದಲು ಕೆಳಗೆ ಬಗ್ಗಿ ನೋಡಿದರು. ಎರಡೇ ಪೆಡಲ್. ಗೇರ್ ರಾಡ್ ಇರಬೇಕಾದ ಕಡೆ ನೀರಿನ ಬಾಟಲ್ ಇತ್ತು.

ಸಕಲೇಶಪುರ ದಾಟುವವರೆಗೆ ವಿಶೇಷ ಏನೂ ಇಲ್ಲ. ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಲ್ಲುತ್ತದೆ, ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಮಾವ ಪ್ರತಿ ಸಲ "ಹೂಂ" ಅನ್ನುತ್ತಿದ್ದರು. ಅವರು ಮನಸ್ಸಿನಲ್ಲಿ ಗೇರ್ ಹಾಕಿದ್ದಕ್ಕೂ ಗಾಡಿ ಹಾಕಿದ್ದಕ್ಕೂ ತಾಳೆ ನೋಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಹತ್ತರಲ್ಲಿ ಏಳು ಸಲ ಸರಿಯಾಗಿ ಹಾಕುತ್ತದೆ, ಎರಡು ಸಲ ತಡ ಮಾಡುತ್ತದೆ, ಒಂದು ಸಲ ಮಂಗಾಟ. ಇದು ಅವರ ತೀರ್ಪು.

ದೋಣಿಗಾಲ್ ಬಂತು. ಪ್ರತಿ ಮಳೆಗಾಲ ಗುಡ್ಡ ಜರಿಯುವ ಜಾಗ. ಮಾರನಹಳ್ಳಿಯಿಂದ ಮುಂದೆ ಅಡ್ಡಹೊಳೆವರೆಗೆ ಕಾಂಕ್ರೀಟು. 2015ರಲ್ಲಿ ಅರ್ಧ, 2018ರಲ್ಲಿ ಇನ್ನರ್ಧ ಆಗಿದ್ದು. ಅದಕ್ಕೆ ಮುಂಚೆ ಇಲ್ಲಿ ಓಡಿಸಿದವರಿಗೆ ಮಾತ್ರ ಅದರ ಬೆಲೆ ಗೊತ್ತು. ಸಕಲೇಶಪುರ ಸಮುದ್ರದಿಂದ ಸುಮಾರು 900 ಮೀಟರ್ ಮೇಲಿದೆ. ಗುಂಡ್ಯ ಮುಟ್ಟುವಷ್ಟರಲ್ಲಿ ಅದರ ಬಹುಪಾಲು ಇಳಿದಿರುತ್ತೇವೆ. ಇಳಿಯುವಾಗಲೇ ಗಾಡಿಯ ಬುದ್ಧಿ ಗೊತ್ತಾಗುವುದು. ಹತ್ತುವಾಗ ಏನಾದರೂ ಆದರೆ ನಿಲ್ಲುತ್ತದೆ, ಇಳಿಯುವಾಗ ಏನಾದರೂ ಆದರೆ ನಿಲ್ಲುವುದಿಲ್ಲ.

ಮಾವನ ನಿಯಮ ಹಳೇ ಡ್ರೈವರುಗಳೆಲ್ಲರ ನಿಯಮ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದರಲ್ಲೇ ಇಳಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು, ಲೈನರ್ ಕಾದು, ಬೇಕಾದಾಗ ಬ್ರೇಕ್ ಹಿಡಿಯುವುದಿಲ್ಲ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಯುವ ಪುಣ್ಯಾತ್ಮರೂ ಇದ್ದಾರೆ. ಈಗಿನ ಇಂಜಿನ್ನಿನಲ್ಲಿ ಅದು ಪ್ರಾಣಕ್ಕೂ ನಷ್ಟ, ಡೀಸೆಲ್ಲಿಗೂ ನಷ್ಟ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಂತುಬಿಡುತ್ತದೆ, ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಂತೆ ಇಡಲು ಅದು ಕುಡಿಯಲೇಬೇಕು. ಇದನ್ನು ಎಷ್ಟು ಹುಡುಗರಿಗೆ ಹೇಳಿದರೂ ನಂಬುವುದಿಲ್ಲ.

ಆ ಹುಡುಗ ಇಳುಕಲು ಶುರುವಾಗುವ ಮುಂಚೆಯೇ ಸ್ವಿಚ್ ಒತ್ತಿ ಮ್ಯಾನುವಲ್ ಮೋಡಿಗೆ ಹಾಕಿದ, ಸಣ್ಣ ಲಿವರಿನಿಂದ ಎರಡು ಗೇರ್ ಕೆಳಗೆ ತಂದ, ಇಂಜಿನ್ನಿನ ಹೊಗೆ ತಡೆದು ಓಟ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಎಳೆದ. ಗಾಡಿ ಗುಂಯ್ ಅಂತ ಹಿಡಿದುಕೊಂಡು ಇಳಿಯಿತು. ಮಾವ ಮೊದಲ ಸಲ ಅವನನ್ನು ಮಾತಾಡಿಸಿದರು. "ಆಟೋದಲ್ಲೇ ಬಿಟ್ರೆ ಏನಾಗ್ತದಪ್ಪ?" "ಅಂಕಲ್, ಎಕ್ಸಾಸ್ಟ್ ಬ್ರೇಕ್ ಎಳೆದಿದ್ರೆ ಅದೇ ಡೌನ್ ಹಾಕ್ಕೊಳ್ತದೆ. ಎಳೀದೆ ಸುಮ್ನೆ ಬಿಟ್ರೆ ಸ್ಪೀಡ್ ಬಂತು ಅಂತ ಮೇಲಿನ ಗೇರಿಗೆ ಹೋಗ್ತದೆ. ಇಳುಕಲು ಅಂತ ಎಲ್ಲಾ ಸಲ ಅದಕ್ಕೆ ಗೊತ್ತಾಗಲ್ಲ." ಈ ಪ್ರಾಮಾಣಿಕತೆ ಮಾವನಿಗೆ ಹಿಡಿಸಿತು. ಷೋರೂಮಿನಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ವಾಪಸ್ ಹತ್ತುವುದು ಮಾರನೇ ರಾತ್ರಿ, ಹನ್ನೊಂದೂವರೆಗೆ ಗುಂಡ್ಯ ಬಿಟ್ಟೆವು. ಗೊಬ್ಬರದ ಮೂಟೆ, ಪೂರ್ತಿ ಲೋಡು. ಒಂದು ತಿರುವಿನಲ್ಲಿ ಐದನೇ ಗೇರಿನಿಂದ ಆರಕ್ಕೆ ಹೋಯಿತು. ಎಳೆಯಲಾರದೆ ಮತ್ತೆ ಐದಕ್ಕೆ ಬಂತು, ಅಷ್ಟರಲ್ಲಿ ಓಟ ಸತ್ತು ನಾಲ್ಕಕ್ಕೆ ಇಳಿಯಿತು. ಮಾವ ತೊಡೆ ತಟ್ಟಿ ನಕ್ಕರು. "ನೋಡಿದಾ, ನೋಡಿದಾ! ಏರು ಇನ್ನೂ ಮುಗಿದಿಲ್ಲ ಅಂತ ಕಣ್ಣಿದ್ದೋನಿಗೆ ಕಾಣ್ತದೆ, ಅದಕ್ಕೆ ಕಣ್ಣೆಲ್ಲಿ?" ಹುಡುಗ ನಾಚಿಕೊಂಡು ಮ್ಯಾನುವಲ್ ಮೋಡಿಗೆ ಹಾಕಿ ನಾಲ್ಕರಲ್ಲೇ ಹಿಡಿದ. ಅಲ್ಲಿಂದ ಮುಂದೆ ಸರಿಹೋಯಿತು.

ಆಮೇಲೆ ಆಗಿದ್ದು ನೋಡಿ. ಕೆಂಪುಹೊಳೆ ಹತ್ತಿರ, ಹೆಚ್ಚುಕಮ್ಮಿ ನನ್ನ ಪ್ಲೇಟು ಸುಟ್ಟ ಜಾಗದಲ್ಲೇ, ಮುಂದೆ ಗಾಡಿಗಳ ಸಾಲು ನಿಂತಿತು. ನಿಂತು, ಐದು ಮಾರು ಹೋಗಿ, ಮತ್ತೆ ನಿಂತು. ಬ್ರೇಕಿನಿಂದ ಕಾಲು ತೆಗೆದರೂ ಗಾಡಿ ಎರಡು ಮೂರು ಸೆಕೆಂಡು ಹಿಂದಕ್ಕೆ ಜಾರುವುದಿಲ್ಲ, ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಲೀಸಾಗಿ ಹೊರಡುತ್ತದೆ. ಮಾವ ಮುಂದಕ್ಕೆ ಬಗ್ಗಿ ಕೂತು ನೋಡುತ್ತಲೇ ಇದ್ದರು. ಹತ್ತಾರು ಸಲ ಹೀಗೇ ಆಯಿತು, ಒಂದು ಸಲವೂ ಜಾರಲಿಲ್ಲ, ಒಂದು ಸಲವೂ ಆರಲಿಲ್ಲ. ಆಮೇಲೆ ಹುಡುಗ ಬೇಸರಕ್ಕೋ ಏನೋ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಹಗುರಾಗಿ ಕಾಲಿಟ್ಟು ಗಾಡಿಯನ್ನು ಏರಿನಲ್ಲೇ ತೂಗಿಸಿ ನಿಲ್ಲಿಸಿದ. ಅರ್ಧ ನಿಮಿಷ ಆಗಿರಬಹುದು, ಡಬ್ಬಿ ಕಿಂಯ್ ಕಿಂಯ್ ಅಂತ ಬಡಿದುಕೊಂಡಿತು. ಪರದೆಯ ಮೇಲೆ ಕ್ಲಚ್ ಬಿಸಿಯಾಗಿದೆ ಅನ್ನುವ ಚಿತ್ರ ಬಂತು. ಅಂದರೆ ಕಾಲಿನಲ್ಲಿ ಹಾಫ್ ಕ್ಲಚ್ ಹಿಡಿಯುವ ಬದಲು ಆಕ್ಸಿಲರೇಟರಿನಲ್ಲಿ ಹಾಫ್ ಕ್ಲಚ್ ಹಿಡಿದಿದ್ದ. ಮೇಸ್ತ್ರಿ ಹೇಳಿದ್ದು ಕಣ್ಣೆದುರೇ ನಿಜವಾಯಿತು. ತಪ್ಪು ಅದೇ, ಪ್ಲೇಟೂ ಅದೇ. ಒಂದೇ ವ್ಯತ್ಯಾಸ, ಇದು ಸುಡುವ ಮುಂಚೆ ಕೂಗಿ ಹೇಳಿತು.

"ನಮ್ ಹುಡುಗನ ಗಾಡೀಲಿ ಹಿಂಗೆ ಕೂಗಿದ್ರೆ ನಲವತ್ತು ಸಾವಿರ ಉಳೀತಿತ್ತು" ಅಂದರು ಮಾವ. ಇನ್ನೂ ಒಪ್ಪಿರಲಿಲ್ಲ, ಆದರೆ ಆ ಮಾತಿನಲ್ಲಿ ಎಲ್ಲೋ ಒಂದು ಬಾಗಿಲು ತೆರೆದಿತ್ತು.

ಮನೆಗೆ ಬಂದ ಮೇಲೆ ಹೆಂಡತಿ ಪುಸ್ತಕ ತೆಗೆದು ಕೂತಳು. ಮಾವ ಓಡಿಸಿದ ತಿಂಗಳುಗಳಲ್ಲಿ ನಮ್ಮ ಗಾಡಿ ಲೀಟರಿಗೆ 4.1 ಕಿಲೋಮೀಟರ್ ಕೊಟ್ಟಿದೆ. ಬದಲಿ ಹುಡುಗರು ಓಡಿಸಿದಾಗ 3.6. ಆ ಪರಿಚಯದವರ ಎಎಂಟಿಯಲ್ಲಿ ಇಬ್ಬರು ಡ್ರೈವರುಗಳು, ಒಬ್ಬನಿಗೆ 4, ಇನ್ನೊಬ್ಬನಿಗೆ 3.9. ಇದನ್ನು ನೋಡುತ್ತಾ ಕೂತಾಗ ನನಗೆ ಬೆಳಕಾಯಿತು. ಎಎಂಟಿ ಮೈಲೇಜ್ ಜಾಸ್ತಿ ಕೊಡುತ್ತದೆ ಅನ್ನುವುದು ಮಾವನಂಥವರ ಮಟ್ಟಿಗೆ ಸುಳ್ಳು. ಅವರಿಗೆ ಅದು ಒಂದು ಗುಂಜಿ ಕಡಿಮೆಯೇ ಕೊಡಬಹುದು. ಹೊಸ ಹುಡುಗನ ಮಟ್ಟಿಗೆ ಮಾತ್ರ ನೂರಕ್ಕೆ ನೂರು ನಿಜ. ತಿಂಗಳಿಗೆ 6000 ಕಿಲೋಮೀಟರ್ ಓಡಿದರೆ 3.6ಕ್ಕೂ 4ಕ್ಕೂ ಮಧ್ಯೆ 160 ಲೀಟರಿಗೂ ಜಾಸ್ತಿ ವ್ಯತ್ಯಾಸ, 91 ರೂಪಾಯಿ ಲೆಕ್ಕದಲ್ಲಿ ಹದಿನೈದು ಸಾವಿರ. ಅಂಥ ಡ್ರೈವರ್ ಆದರೆ ಒಂದೇ ವರ್ಷದಲ್ಲಿ ಆ ಒಂದು ಲಕ್ಷ ಎಂಬತ್ತು ಸಾವಿರ ಹುಟ್ಟಿಹೋಗುತ್ತದೆ. ಮಾವನೇ ಓಡಿಸಿದರೆ ಹುಟ್ಟುವುದೇ ಇಲ್ಲ.

ಹಾಗಾದರೆ ಪ್ರಶ್ನೆ ಗಾಡಿಯದ್ದಲ್ಲವೇ ಅಲ್ಲ. ಇನ್ನು ಎಷ್ಟು ವರ್ಷ ಮಾವ ಓಡಿಸುತ್ತಾರೆ? ಅವರ ನಂತರ ಯಾರು? ಇದನ್ನು ಅವರ ಎದುರು ಹೇಗೆ ಕೇಳುವುದು? ಮೂವತ್ತು ವರ್ಷ ದುಡಿದವರಿಗೆ "ನಿಮ್ಮ ಬದಲು ಬರುವವನಿಗೆ ಅಂತ ಗಾಡಿ ತಗೋತಿದೀನಿ" ಅನ್ನಲು ಬಾಯಿ ಬರುವುದಿಲ್ಲ. ಎರಡು ದಿನ ಸುಮ್ಮನಿದ್ದೆ.

ಕೇಳಿದ್ದು ಅವರೇ. ಸಂಜೆ ಜಗಲಿಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಗೇರ್ ರಾಡಿಂದು ತಗಂಡ್ರೆ ನಾನು ಇನ್ನೆರಡು ವರ್ಷ ಓಡಿಸ್ತೀನಿ. ಅದು ತಗಂಡ್ರೆ ಐದು ವರ್ಷ ಓಡಿಸ್ತೀನೇನೋ" ಅಂದರು. ನಾನು ಏನೂ ಅನ್ನಲಿಲ್ಲ. "ಆದ್ರೆ ಒಂದು ಮಾತು. ಎಸ್ಟೇಟ್ ಒಳಗಡೆ ಶುಂಠಿ ಲೋಡಿಗೆ ಅದನ್ನ ಕಳಿಸ್ಬೇಡ. ಕೆಸರಲ್ಲಿ ಗಾಡಿನ ಒಂಚೂರು ಮುಂದೆ, ಒಂಚೂರು ಹಿಂದೆ ಅಂತ ಆಡಿಸ್ಬೇಕು ಅಂದ್ರೆ ಕಾಲೇ ಬೇಕು."

ಈ ಮಾತು ಸರಿ. ಕೆಸರಿಗೆ ಅಂತ ಆ ಗಾಡಿಯಲ್ಲೂ ಒಂದು ಸ್ವಿಚ್ ಇದೆ, ಹಿಂದೆ ಮುಂದೆ ಬೇಗ ಬೇಗ ಆಡಿಸಲು. ಆದರೂ ಡಬ್ಬಿ ಯೋಚನೆ ಮಾಡಿ ಕ್ಲಚ್ ಹಿಡಿಯುವಷ್ಟರಲ್ಲಿ ಚಕ್ರ ಇನ್ನೊಂದು ಗೇಣು ಹೂತಿರುತ್ತದೆ. ಟಾರ್ ರಸ್ತೆ ಬಿಟ್ಟು ಜಾಸ್ತಿ ಓಡುವವರು, ತೋಟ, ಕ್ವಾರಿ, ಮರಳು ಅಂತ ಹೋಗುವ ಸಣ್ಣ ಮಾಲೀಕರು ನನ್ನನ್ನು ಕೇಳಿದರೆ ಕಣ್ಣು ಮುಚ್ಚಿ ಗೇರ್ ರಾಡ್ ಇರುವುದನ್ನೇ ತಗೊಳ್ಳಿ ಅನ್ನುತ್ತೇನೆ. ಐದು ವರ್ಷ ಆದ ಮೇಲೆ ಮಾರುವ ಯೋಚನೆ ಇದ್ದರೂ ಹಾಗೇ, ಯಾಕೆಂದರೆ ನಾನು ವಿಚಾರಿಸಿದ ಇಬ್ಬರು ಬ್ರೋಕರ್‌ಗಳೂ ಹಳೇ ಎಎಂಟಿ ಅಂದ ಕೂಡಲೇ ಮುಖ ಗಂಟು ಹಾಕಿದರು. ವಾರಂಟಿ ಮುಗಿದ ಮೇಲೆ ಆ ಡಬ್ಬಿಯ ಜವಾಬ್ದಾರಿ ಯಾರು ಹೊರುತ್ತಾರೆ ಅನ್ನುವುದು ಅವರ ಪ್ರಶ್ನೆ. ನಾನು ವಾರಂಟಿ ಜಾಸ್ತಿ ಮಾಡಿಸಿಕೊಂಡೆ, ಅದಕ್ಕೆ ಬೇರೆ ದುಡ್ಡು.

ನವೆಂಬರ್‌ನಲ್ಲಿ ಎಎಂಟಿಯನ್ನೇ ಬುಕ್ ಮಾಡಿದೆ. ಬಾಡಿ ಕಟ್ಟಿಸಿ, ಆರ್‌ಟಿಒ ಮುಗಿಸಿ, ಪೂಜೆ ಮಾಡಿ ರಸ್ತೆಗೆ ಇಳಿಸಿದ್ದು ಡಿಸೆಂಬರ್ ಕೊನೆಗೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗಲೇ ಮೊದಲ ಎಡವಟ್ಟು. ಮಾವ ಸೀಟಿನಲ್ಲಿ ಕೂತು, ಅಭ್ಯಾಸಬಲದಿಂದ ಎಡಗಾಲಿನಲ್ಲಿ ಕ್ಲಚ್ ಅಂತ ಜೋರಾಗಿ ತುಳಿದರು. ಅಲ್ಲಿದ್ದಿದ್ದು ಬ್ರೇಕು. ಏರ್ ಬ್ರೇಕು ಪೂರ್ತಿ ಹಿಡಿದು ಗಾಡಿ ಗಕ್ಕನೆ ನಿಂತಿತು, ಡ್ಯಾಷ್‌ಬೋರ್ಡಿನ ಮೇಲಿದ್ದ ಕುಂಕುಮದ ತಟ್ಟೆ ಗಾಜಿಗೆ ಬಡಿಯಿತು. ನಗು ತಡೆಯಲು ಆಗಲಿಲ್ಲ. ಆದರೆ ಇದು ನಗುವ ವಿಷಯವಲ್ಲ ಅಂತ ಮೂರನೇ ದಿನ ಗೊತ್ತಾಯಿತು. ಚನ್ನರಾಯಪಟ್ಟಣ ಬೈಪಾಸಿನಲ್ಲಿ ನಿಧಾನ ಮಾಡುವಾಗ ಮತ್ತೆ ಅದೇ ಆಗಿ, ಹಿಂದೆ ಬರುತ್ತಿದ್ದ ಕಾರು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಹೊಸದಾಗಿ ಎಎಂಟಿಗೆ ಹೋಗುವ ಹಳೇ ಡ್ರೈವರುಗಳಿಗೆ ನಾನು ಹೇಳುವುದು ಇದೊಂದೇ: ಮೊದಲ ಹದಿನೈದು ದಿನ ಖಾಲಿ ರಸ್ತೆಯಲ್ಲಿ ಓಡಿಸಿ, ಎಡಗಾಲಿಗೆ ಮೊದಲು ಪಾಠ ಹೇಳಿ. ಮಾವ ತಮ್ಮದೇ ಉಪಾಯ ಮಾಡಿದರು. ಎಡಗಾಲಿನ ಚಪ್ಪಲಿ ಬಿಚ್ಚಿ, ಕಾಲನ್ನು ಬಾಗಿಲ ಕಡೆ ಹಿಂದಕ್ಕೆ ಎಳೆದು ಇಟ್ಟುಕೊಳ್ಳುತ್ತಿದ್ದರು. ಬರಿಗಾಲು ಕ್ಯಾಬಿನ್ ನೆಲಕ್ಕೆ ತಾಗಿದರೆ "ನಿನಗೆ ಕೆಲಸ ಇಲ್ಲ" ಅಂತ ನೆನಪಾಗುತ್ತದಂತೆ.

ಈಗ ಮೂರು ತಿಂಗಳಾಗಿದೆ. ಒಂದು ಸಲ ಮಾತ್ರ ಡಬ್ಬಿ ಕೈ ಕೊಟ್ಟಿತು. ಎಡೆಯೂರು ಹತ್ತಿರ ಟೀಗೆ ನಿಲ್ಲಿಸಿ ಹೊರಡುವಾಗ ಗೇರ್ ಬೀಳದೆ ಪರದೆಯ ಮೇಲೆ ಏನೋ ನಂಬರ್ ತೋರಿಸಿತು. ಫೋನ್ ಮಾಡಿದರೆ ಕೀ ಆಫ್ ಮಾಡಿ, ಎರಡು ನಿಮಿಷ ಬಿಟ್ಟು, ಗಾಳಿ ತುಂಬುವವರೆಗೆ ಕಾದು ಸ್ಟಾರ್ಟ್ ಮಾಡಿ ಅಂದರು. ಹಾಗೇ ಮಾಡಿದರೆ ಸರಿಹೋಯಿತು. ಕಾರಣ ಏನು ಅಂತ ಸರ್ವೀಸಿನಲ್ಲಿ ಕೇಳಿದರೆ ಸಾಫ್ಟ್‌ವೇರ್ ಅಂದರು. ಈಗ ಎಲ್ಲದಕ್ಕೂ ಅದೇ ಉತ್ತರ, ಮೊದಲು ಎಲ್ಲದಕ್ಕೂ "ಡೀಸೆಲ್ಲಲ್ಲಿ ಕಸ" ಅನ್ನುತ್ತಿದ್ದರು. ಮೈಲೇಜು ಮಾವನ ಕೈಯಲ್ಲಿ 4.05 ಬರುತ್ತಿದೆ. ನಾನು ಒಂದು ಟ್ರಿಪ್ ಹೋದಾಗಲೂ ಅಷ್ಟೇ ಬಂತು. ಇದರಿಂದ ಮಾವನಿಗೆ ಸ್ವಲ್ಪ ಬೇಜಾರಾಗಿದೆ, ಬಾಯಿಬಿಟ್ಟು ಹೇಳಿಲ್ಲ.

ಶಿರಾಡಿ ಹತ್ತುವಾಗ ಮಾತ್ರ ಅವರು ಆಟೋದಲ್ಲಿ ಬಿಡುವುದೇ ಇಲ್ಲ. ಗುಂಡ್ಯ ದಾಟಿದ ಕೂಡಲೇ ಮ್ಯಾನುವಲ್ ಮೋಡು, ತಿರುವು ಬರುವ ಮುಂಚೆ ಬೆರಳಿನಲ್ಲಿ ಒಂದು ಡೌನ್, ಮಾರನಹಳ್ಳಿವರೆಗೆ ಅವರೇ. "ಗೇರ್ ಹಾಕೋ ಕೆಲ್ಸ ಅದು ಮಾಡ್ಲಿ, ಯಾವ ಗೇರು ಅಂತ ನಾನು ಹೇಳ್ತೀನಿ" ಅನ್ನುತ್ತಾರೆ.

ಹಳೇ ಗಾಡಿ ನನ್ನ ಪಾಲಿಗೆ ಉಳಿದಿದೆ. ಎಸ್ಟೇಟಿನ ಶುಂಠಿ, ಕೆಸರು, ಬೆಂಗಳೂರಿನ ಜಾಮು ಎಲ್ಲ ಈಗ ನನ್ನದೇ. ಮೊನ್ನೆ ಗೊರಗುಂಟೆಪಾಳ್ಯದಲ್ಲಿ ಒಂದು ಗಂಟೆ ನಿಂತು ಬಂದು, ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಎಡ ಮೊಣಕಾಲು ಛಳಕ್ ಅಂದಿತು. ಜಗಲಿಯಲ್ಲಿ ಕೂತಿದ್ದ ಮಾವ ನೋಡಿದರು. ಏನೂ ಮಾತಾಡಲಿಲ್ಲ, ಎಣ್ಣೆ ಬಾಟಲಿಯನ್ನು ನನ್ನ ಕಡೆ ಸರಿಸಿದರು.